ಪುಟಾಣಿಗಳ ತರಗತಿಯಲ್ಲಿ ಚಿಟ್ಟೆ ಬೆಳೆಸುವುದು ಹೇಗೆ?

ವಸಂತ ಬಂತೆಂದರೆ ನರ್ಸರಿ ತರಗತಿಗಳ ಗೋಡೆ ತುಂಬ ಕಾಗದದ ಚಿಟ್ಟೆಗಳು. ಪಕ್ಕದಲ್ಲೇ ಒಂದು ಚಾರ್ಟ್. ಮೊಟ್ಟೆ, ಹುಳ, ಕೋಶ, ಚಿಟ್ಟೆ ಅಂತ ನಾಲ್ಕು ಚಿತ್ರ, ನಡುವೆ ಬಾಣದ ಗುರುತು. ಮಕ್ಕಳು ಅದನ್ನು ಪಟಪಟನೆ ಹೇಳುತ್ತಾರೆ. ಆದರೆ ಕಿಟಕಿಯಾಚೆ ಗಿಡದಲ್ಲಿ ಅದೇ ಹುಳ ಎಲೆ ತಿನ್ನುತ್ತಿದ್ದರೆ ಗುರುತು ಹಿಡಿಯುವುದಿಲ್ಲ. ನಾನೂ ಕೆಲವು ವರ್ಷ ಹಾಗೇ ಕಲಿಸಿದೆ. ಒಂದು ಸಲ ನಿಜವಾದ ಹುಳವನ್ನೇ ಒಳಗೆ ತಂದೆ. ಆಮೇಲೆ ಚಾರ್ಟ್ ಬೇಕು ಅನ್ನಿಸಲೇ ಇಲ್ಲ.

ನನ್ನ ಮಾತು ಇಷ್ಟೇ: ಒಂದು ವಾರದಲ್ಲಿ ಹತ್ತು ಜೀವಿಗಳನ್ನು ತೋರಿಸಬೇಡಿ. ಒಂದನ್ನೇ ತನ್ನಿ, ಮೊದಲಿಂದ ಕೊನೆಯ ತನಕ ನೋಡಿ. ಮೂರ್ನಾಲ್ಕು ವರ್ಷದ ಮಗುವಿಗೆ ಒಂದು ಹುಳ ಒಂದು ತಿಂಗಳ ಪಾಠ. ಇದೇನೂ ಹೊಸ ವಿಚಾರವಲ್ಲ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1840ರಲ್ಲಿ ತಮ್ಮ ಶಾಲೆಗೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟರು. ಹೆಸರಿಗಷ್ಟೇ ತೋಟವಲ್ಲ, ಅಲ್ಲಿ ಮಕ್ಕಳು ನಿಜವಾಗಿ ಗಿಡ ಬೆಳೆಸಬೇಕು ಎಂಬುದು ಅವರ ಆಸೆಯಾಗಿತ್ತು.

ಮೊದಲು: ಹುಳ ಹುಡುಕುವುದು

ಮಕ್ಕಳನ್ನು ಕರೆದುಕೊಂಡೇ ಹೋಗಿ. ಹುಳಕ್ಕಿಂತ ಮೊದಲು ತೂತು ಬಿದ್ದ ಎಲೆ ಹುಡುಕಲು ಹೇಳಿ. ಅದು ಸಿಕ್ಕರೆ ಎಲೆಯನ್ನು ಮೆಲ್ಲಗೆ ತಿರುಗಿಸಿ ಹಿಂಭಾಗ ನೋಡಿ. ಹುಳ ಹೆಚ್ಚಾಗಿ ಅಲ್ಲೇ ಅಡಗಿರುತ್ತದೆ.

ಮೈತುಂಬ ಕೂದಲಿರುವ ಕಂಬಳಿಹುಳು ಬೇಡವೇ ಬೇಡ. ಕೆಲವನ್ನು ಮುಟ್ಟಿದರೆ ಉರಿ, ತುರಿಕೆ ಬರುತ್ತದೆ. ನುಣ್ಣನೆಯ ಮೈಯ ಹುಳವಾದರೂ ಕೈಯಿಂದ ಕೀಳಬೇಡಿ, ಎಲೆಯ ಸಮೇತ ತನ್ನಿ. ಎರಡು ಸಾಕು. ಕಾನೂನಿನ ರಕ್ಷಣೆ ಇರುವ ಜಾತಿಗಳನ್ನು ಗಿಡದಲ್ಲೇ ನೋಡಿ ಬನ್ನಿ.

ಯಾವ ಗಿಡದಲ್ಲಿ ಸಿಕ್ಕಿತೋ ಅದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಎಷ್ಟೋ ಚಿಟ್ಟೆಗಳ ಹುಳ ಒಂದೆರಡು ಬಗೆಯ ಎಲೆ ಬಿಟ್ಟು ಬೇರೆ ಮುಟ್ಟುವುದಿಲ್ಲ. ಪಕ್ಕದ ಗಿಡದ ಎಲೆ ಎಷ್ಟೇ ಹಸಿರಾಗಿ ಕಂಡರೂ ಉಪವಾಸ ಸಾಯುತ್ತದೆಯೇ ಹೊರತು ತಿನ್ನುವುದಿಲ್ಲ. ಕೀಟನಾಶಕ ಹೊಡೆದ ಗಿಡದ ಎಲೆಯಂತೂ ಬೇಡ.

ಮನೆ ಸಿದ್ಧಮಾಡುವುದು

ಅಗಲ ಬಾಯಿಯ ದೊಡ್ಡ ಜಾಡಿ ಅಥವಾ ಪಾರದರ್ಶಕ ಡಬ್ಬಿ ತೆಗೆದುಕೊಳ್ಳಿ. ಮುಚ್ಚಳದ ಬದಲು ತೆಳ್ಳನೆಯ ಬಟ್ಟೆ, ಅದಕ್ಕೊಂದು ರಬ್ಬರ್ ಬ್ಯಾಂಡ್. ತಳಕ್ಕೆ ಕಾಗದ ಹಾಸಿ. ಎಲೆಯ ಕಡ್ಡಿಯನ್ನು ನೀರು ತುಂಬಿದ ಪುಟ್ಟ ಬಾಟಲಿಯಲ್ಲಿಟ್ಟು, ಬಾಟಲಿಯ ಬಾಯಿಯನ್ನು ಹತ್ತಿಯಿಂದ ಬಿಗಿಯಾಗಿ ಮುಚ್ಚಿ. ಇಲ್ಲದಿದ್ದರೆ ಹುಳ ಕಡ್ಡಿ ಹಿಡಿದು ಕೆಳಗಿಳಿದು ನೀರಿನಲ್ಲಿ ಮುಳುಗುತ್ತದೆ. ಒಳಗೆ ಒಂದೆರಡು ಒಣ ಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸಿ. ಮುಂದೆ ಬೇಕಾಗುತ್ತವೆ.

ಜಾಡಿಗೆ ನೇರ ಬಿಸಿಲು ಬೀಳಬಾರದು. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಒಮ್ಮೆ ಶುಕ್ರವಾರ ಜಾಡಿಯನ್ನು ಕಿಟಕಿ ಪಕ್ಕ ಬಿಟ್ಟು ಹೋಗಿದ್ದೆ. ಸೋಮವಾರ ಬಂದು ನೋಡಿದರೆ ಎರಡೂ ಹುಳ ಸತ್ತಿದ್ದವು. ಮಕ್ಕಳು ಬರುವ ಮೊದಲೇ ಬೇರೆ ಹುಳ ತಂದಿಡೋಣವೇ ಅನ್ನಿಸಿತು. ಇಡಲಿಲ್ಲ. "ಹುಳ ಸತ್ತಿದೆ. ಬಿಸಿಲಲ್ಲಿ ಇಟ್ಟಿದ್ದು ನನ್ನ ತಪ್ಪು" ಎಂದೆ. ಎಲ್ಲರೂ ಸೇರಿ ಗಿಡದ ಬುಡದಲ್ಲಿ ಹೂತೆವು. ಇಂಥ ಹೊತ್ತಲ್ಲಿ "ನಿದ್ದೆ ಮಾಡ್ತಿದೆ" ಎಂದು ಮಾತ್ರ ಹೇಳಬೇಡಿ. ಆ ರಾತ್ರಿ ಮಲಗಲು ಹೆದರುವ ಮಕ್ಕಳಿರುತ್ತಾರೆ.

ದಿನದಿನದ ಕೆಲಸ

ಬೆಳಗ್ಗೆ ಬಂದ ಕೂಡಲೇ ಇಬ್ಬರು ಮಕ್ಕಳಿಗೆ ಎಲೆ ಬದಲಿಸುವ ಸರದಿ. ತಳದ ಕಾಗದವನ್ನೂ ಆಗಲೇ ತೆಗೆಯಬೇಕು. ಅದರ ಮೇಲೆ ಕಪ್ಪು, ಹಸಿರು ಉಂಡೆಗಳು ಬಿದ್ದಿರುತ್ತವೆ. ಅದು ಹುಳದ ಹಿಕ್ಕೆ ಎಂದು ಗೊತ್ತಾದರೆ ಮಕ್ಕಳಿಗೆ ಎಲ್ಲಿಲ್ಲದ ಖುಷಿ! ಎಣಿಸಲಿ ಬಿಡಿ. ನಿನ್ನೆ ಎಂಟು, ಇವತ್ತು ಹದಿನೈದು ಅಂದರೆ ಹುಳ ಜಾಸ್ತಿ ತಿಂದಿದೆ ಅಂತ ತಾನೇ? ಹಿಕ್ಕೆ ತೆಗೆಯದೆ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಹುಳಕ್ಕೆ ರೋಗ ಬರುತ್ತದೆ.

ಅಳತೆಗೆ ಸ್ಕೇಲ್ ಬೇಡ, ಈ ವಯಸ್ಸಿಗೆ ಅಂಕಿ ಓದಲು ಬರುವುದಿಲ್ಲ. ಎರಡು ದಿನಕ್ಕೊಮ್ಮೆ ಹುಳದ ಉದ್ದಕ್ಕೆ ಸರಿಯಾಗಿ ಒಂದು ಕಾಗದದ ಪಟ್ಟಿ ಕತ್ತರಿಸಿ. ಅದನ್ನು ಗೋಡೆಗೆ ಸಾಲಾಗಿ ಅಂಟಿಸುತ್ತಾ ಹೋಗಿ. ಎರಡು ವಾರ ಕಳೆಯುವಷ್ಟರಲ್ಲಿ ಅಲ್ಲೊಂದು ಮೆಟ್ಟಿಲು ಎದ್ದಿರುತ್ತದೆ. "ಇದು ಸಣ್ಣವನಿದ್ದಾಗ, ಇದು ದೊಡ್ಡವನಾದ ಮೇಲೆ" ಎಂದು ಮಕ್ಕಳೇ ಬಂದವರಿಗೆಲ್ಲ ವಿವರಿಸುತ್ತಾರೆ.

ಒಂದೊಂದು ದಿನ ಹುಳ ಅಲುಗಾಡದೆ ಕುಳಿತಿರುತ್ತದೆ. "ಮಿಸ್, ಸತ್ತೋಯ್ತಾ?" ಅಂತ ಕೇಳುತ್ತಾರೆ. ಅದು ಪೊರೆ ಬಿಡುವ ಹೊತ್ತು. ಸಾಮಾನ್ಯವಾಗಿ ನಾಲ್ಕೈದು ಸಲ ಹೀಗೆ ಪೊರೆ ಬಿಡುತ್ತದೆ. ಆಗ ಮುಟ್ಟಬಾರದು. ಉತ್ತರ ಹೇಳಲು ಅವಸರ ಮಾಡಬೇಡಿ. "ನಿನಗೇನು ಕಾಣ್ತಿದೆ ಪುಟ್ಟಾ?" ಎಂದು ಕೇಳಿ, ಮನಸ್ಸಲ್ಲೇ ಹತ್ತರವರೆಗೆ ಎಣಿಸಿ. ನನ್ನ ಪಾಲಿಗೆ ಇಡೀ ಕೆಲಸದಲ್ಲಿ ಕಷ್ಟದ್ದು ಈ ಹತ್ತು ಎಣಿಸುವುದೇ. ಒಂದು ಮಗು ಭೂತಗನ್ನಡಿ ಹಿಡಿದು ತುಂಬಾ ಹೊತ್ತು ಸುಮ್ಮನೆ ನೋಡಿತು. ಆಮೇಲೆ, "ಮುಂದಿನ ಕಾಲು ಚೂಪು, ಹಿಂದಿನದು ದಪ್ಪ" ಎಂದಿತು. ಸರಿಯಾಗೇ ಹೇಳಿತ್ತು! ಮುಂದಿನ ಆರೇ ನಿಜವಾದ ಕಾಲುಗಳು. ಹಿಂದಿನ ದಪ್ಪನೆಯವು ಎಲೆಗೆ ಕಚ್ಚಿಕೊಳ್ಳಲು ಇರುವ ತಿರುಳು ಕಾಲುಗಳು, ಚಿಟ್ಟೆಯಾದಾಗ ಇರುವುದಿಲ್ಲ. ನಾನು ಬಾಯಿ ಹಾಕಿದ್ದರೆ ಆ ಮಗು ಅಷ್ಟು ನೋಡುತ್ತಲೇ ಇರಲಿಲ್ಲ.

ಕೈ ತೊಳೆಯುವುದು ಕಡ್ಡಾಯ. ಸೋಪು ಹಾಕಿ ಕನಿಷ್ಠ 20 ಸೆಕೆಂಡ್, ಪ್ರತಿ ಸಲವೂ.

ಕೋಶದ ದಿನಗಳು

ಎರಡು ಮೂರು ವಾರವಾದ ಮೇಲೆ ಒಂದು ದಿನ ಹುಳ ತಿನ್ನುವುದು ಬಿಟ್ಟು ಜಾಡಿಯ ತುಂಬ ಓಡಾಡುತ್ತದೆ. ಹಿಕ್ಕೆ ನೀರುನೀರಾಗಿರುತ್ತದೆ. ಕಾಯಿಲೆಯಲ್ಲ, ಜಾಗ ಹುಡುಕುತ್ತಿದೆ. ನೀವು ನಿಲ್ಲಿಸಿದ ಒಣ ಕಡ್ಡಿಗೋ ಜಾಡಿಯ ಬಟ್ಟೆಗೋ ಅಂಟಿಕೊಂಡು, ಕೊನೆಯ ಪೊರೆ ಬಿಟ್ಟು ಕೋಶವಾಗುತ್ತದೆ.

ಈಗ ಒಂದೆರಡು ವಾರ ಕಾಯಬೇಕು. ಕೆಲವು ಜಾತಿಗಳಲ್ಲಿ ತಿಂಗಳುಗಟ್ಟಲೆ. ಮಕ್ಕಳ ಗಮನ ಚದುರುವುದು ಈಗಲೇ. ಈ ಸಮಯದಲ್ಲಿ ಬೀಜ ಮೊಳಕೆ ಬರಿಸಿ. ಬೀನ್ಸ್ ಬೀಜವನ್ನು ರಾತ್ರಿ ನೆನೆಸಿಟ್ಟು, ಗಾಜಿನ ಲೋಟದ ಒಳಮೈಗೂ ಒದ್ದೆ ಕಾಗದಕ್ಕೂ ನಡುವೆ ಸಿಗಿಸಿದರೆ ಆಯಿತು. ಬೇರು ಕೆಳಗಿಳಿದ ಮೇಲೆ ಲೋಟವನ್ನು ಅಡ್ಡ ಮಲಗಿಸಿ. ಒಂದೆರಡು ದಿನದಲ್ಲಿ ಬೇರಿನ ತುದಿ ಮತ್ತೆ ನೆಲದ ಕಡೆಗೆ ಬಾಗಿರುತ್ತದೆ. ಆದರೆ ಬೀಜಗಳ ಮೇಲೆ ಕಣ್ಣಿರಲಿ. ಮೂಗಿಗೆ ತುರುಕಿಕೊಂಡರೆ ಅಲ್ಲೇ ಉಬ್ಬಿಕೊಳ್ಳುತ್ತವೆ. ಹಸಿಯಾಗಿ ತಿಂದರೆ ಹೊಟ್ಟೆಯೂ ಕೆಡುತ್ತದೆ.

"ಕೋಳಿಮೊಟ್ಟೆ ಮರಿ ಮಾಡಿಸೋಣವಾ?" ಎಂದು ಕೆಲವರು ಕೇಳುತ್ತಾರೆ. 21 ದಿನಕ್ಕೆ ಮರಿ ಬರುತ್ತದೆ, ನಿಜ. ಆದರೆ 22ನೇ ದಿನದಿಂದ ಆ ಮರಿ ಎಲ್ಲಿ ಬಾಳಬೇಕು? ಅದಕ್ಕೆ ಉತ್ತರ ಇಲ್ಲದಿದ್ದರೆ ಶುರುಮಾಡಲೇಬೇಡಿ. ಕೋಳಿಮರಿ, ಕಪ್ಪೆ, ಆಮೆಗಳಿಂದ ಸಾಲ್ಮೊನೆಲ್ಲಾ ಸೋಂಕು ಬರಬಹುದು. ಐದು ವರ್ಷದೊಳಗಿನ ಮಕ್ಕಳು ಅವನ್ನು ಮುಟ್ಟದಿರುವುದೇ ಒಳ್ಳೆಯದು.

ಚಿಟ್ಟೆ ಹೊರಬರುವಾಗ

ಹೊರಬರುವ ದಿನ ಹತ್ತಿರವಾದಂತೆ ಕೋಶದ ಬಣ್ಣ ಬದಲಾಗುತ್ತದೆ. ಎಷ್ಟೋ ಜಾತಿಗಳಲ್ಲಿ ಸಿಪ್ಪೆ ಗಾಜಿನಂತಾಗಿ ಒಳಗಿನ ರೆಕ್ಕೆಯ ಬಣ್ಣ ಕಾಣುತ್ತದೆ. ಆಗ ಜಾಡಿಯನ್ನು ಮಕ್ಕಳ ಕಣ್ಣಿನ ಎತ್ತರಕ್ಕೆ ಇಡಿ. ಮರುದಿನ ಬೆಳಗ್ಗೆ ಬೇರೆ ಯಾವ ಪಾಠವನ್ನೂ ಇಟ್ಟುಕೊಳ್ಳಬೇಡಿ.

ಹೊರಬಂದ ಚಿಟ್ಟೆ ಮುದ್ದೆಯಾದ ಒದ್ದೆ ಬಟ್ಟೆಯಂತಿರುತ್ತದೆ. ಮಕ್ಕಳಿಗೆ ಇದನ್ನು ಮೊದಲೇ ಹೇಳಿರಿ, ಇಲ್ಲದಿದ್ದರೆ "ಪಾಪ, ರೆಕ್ಕೆ ಮುರಿದಿದೆ" ಎಂದು ಅಳುತ್ತಾರೆ. ಅದು ತಲೆಕೆಳಗಾಗಿ ನೇತಾಡುತ್ತಾ ಮೈಯ ದ್ರವವನ್ನು ರೆಕ್ಕೆಯ ನಾಳಗಳಿಗೆ ತಳ್ಳುತ್ತದೆ. ನೋಡನೋಡುತ್ತಲೇ ರೆಕ್ಕೆ ಬಿಚ್ಚಿಕೊಳ್ಳುತ್ತದೆ. ಕೆಳಗೆ ಕೆಂಪು ಹನಿ ಬೀಳಬಹುದು. ರಕ್ತವಲ್ಲ, ಕೋಶದೊಳಗಿದ್ದಾಗ ಉಳಿದ ಕಸ.

ಕೆಲವೊಮ್ಮೆ ಕೋಶದಿಂದ ಚಿಟ್ಟೆಯ ಬದಲು ನೊಣವೋ ಸಣ್ಣ ಕಣಜವೋ ಬರುತ್ತದೆ. ಅವು ಹುಳದೊಳಗೆ ಬೆಳೆಯುವ ಜೀವಿಗಳು. ಬಚ್ಚಿಡಬೇಡಿ, ತೋರಿಸಿ.

ರೆಕ್ಕೆ ಒಣಗಿ ಗಟ್ಟಿಯಾಗಲು ಕೆಲವು ಗಂಟೆ ಬೇಕು. ಅಲ್ಲಿಯ ತನಕ ಯಾರೂ ಮುಟ್ಟಬಾರದು. ಆಮೇಲೆ ಮಳೆ ಇಲ್ಲದ ಬೆಚ್ಚನೆಯ ಹೊತ್ತಿನಲ್ಲಿ, ಹುಳ ಸಿಕ್ಕಿದ ಗಿಡದ ಹತ್ತಿರವೇ ಜಾಡಿಯ ಬಟ್ಟೆ ತೆಗೆಯಿರಿ. ಕೆಲವು ಕೂಡಲೇ ಹಾರುತ್ತವೆ, ಕೆಲವು ತುಂಬಾ ಹೊತ್ತು ಅಲ್ಲೇ ಕೂರುತ್ತವೆ. ಇನ್ನೂ ಒಂದು ದಿನ ಇಟ್ಟುಕೊಳ್ಳೋಣ ಎಂದು ಮಕ್ಕಳು ಬೇಡುತ್ತಾರೆ. ಬೇಡ ಎನ್ನಿ.

ಖಾಲಿ ಕೋಶವನ್ನು ಬಿಸಾಡಬೇಡಿ. ಹತ್ತಿ ಹಾಸಿದ ಸಣ್ಣ ಡಬ್ಬಿಯಲ್ಲಿಟ್ಟು, ಪಕ್ಕದಲ್ಲೊಂದು ಭೂತಗನ್ನಡಿ ಇಡಿ. ಮರುದಿನ ಬೆಳಗ್ಗೆ ಮಕ್ಕಳು ಬ್ಯಾಗ್ ಇಳಿಸಿ ಮೊದಲು ಹೋಗುವುದು ಅಲ್ಲಿಗೇ.