ಕಿಟ್ ಕಾರಿನ ಪವರ್ ಸ್ಟೀರಿಂಗ್ ರ‍್ಯಾಕ್ ಲೀಕ್: ಬಿಚ್ಚಿ ನೋಡಿ, ಕೊನೆಗೆ ಪವರ‍್ರೇ ಬೇಡ ಅಂದದ್ದು

ಕಿಟ್ ಕಾರು ಅಂದರೇನು ಅಂತ ಮೊದಲು ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಇದು ಹಳೇ ಹುಚ್ಚು. ಕಂಪನಿಯವರು ಚಾಸಿಸ್ಸು, ಮೇಲಿನ ಒಂದಿಷ್ಟು ಪ್ಯಾನೆಲ್ಲು ಕೊಡುತ್ತಾರೆ. ಇಂಜಿನ್, ಗೇರ್‌ಬಾಕ್ಸ್, ಬ್ರೇಕ್, ಸಸ್ಪೆನ್ಶನ್, ಸ್ಟೀರಿಂಗ್ ಎಲ್ಲವನ್ನೂ ಒಂದು ಹಳೇ ಕಾರಿನಿಂದ ಕಳಚಿ ನಾವೇ ಜೋಡಿಸಬೇಕು. ಆ ಹಳೇ ಕಾರಿಗೆ ಇಲ್ಲಿ ಡೋನರ್ ಅನ್ನುತ್ತಾರೆ. ಜೋಡಿಸಿ ಮುಗಿದ ಮೇಲೆ ಐವಿಎ ಅನ್ನೋ ಸರ್ಕಾರಿ ಪರೀಕ್ಷೆ ಪಾಸಾಗಬೇಕು. ಆಮೇಲೇ ನಂಬರ್ ಪ್ಲೇಟು.

ನನ್ನದು ಎಂಇವಿ ಎಕ್ಸೊಸೆಟ್. ಡೋನರ್, ಮೊದಲ ಪೀಳಿಗೆಯ ಮಾಜ್ದಾ ಎಂಎಕ್ಸ್-5. 1989ರಿಂದ 1997ರವರೆಗೆ ಬಂದದ್ದು. ಎಕ್ಸೊಸೆಟ್‌ಗೆ ಬಾಗಿಲಿಲ್ಲ, ಟಾಪಿಲ್ಲ, ಮುಂದಿನ ಚಕ್ರದ ಸುತ್ತ ಮಡ್‌ಗಾರ್ಡ್ ಬಿಟ್ಟರೆ ಎಲ್ಲ ಬಟಾಬಯಲು. ಪೈಪುಗಳ ಚೌಕಟ್ಟಿನೊಳಗೆ ಕೂತು ಓಡಿಸುವ ಗಾಡಿ. ಮಳೆ ಬಂದರೆ ಓಡಿಸುವವನೂ ನೆನೆಯುತ್ತಾನೆ, ಸ್ಟೀರಿಂಗ್ ರ‍್ಯಾಕೂ ನೆನೆಯುತ್ತದೆ. ಈ ಮಾತು ಮುಂದೆ ಬೇಕಾಗುತ್ತದೆ. (ರ‍್ಯಾಕ್ ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರಗಳನ್ನು ಆಚೀಚೆ ತಳ್ಳುವ ಭಾಗ. ಪವರ್ ಅಂದರೆ ಅದಕ್ಕೆ ಎಣ್ಣೆಯ ಒತ್ತಡದ ನೆರವು.)

ಲೀಕ್ ಶುರುವಾಗಿದ್ದು ಎಲ್ಲರ ಗಾಡಿಯಲ್ಲೂ ಆಗುವ ಹಾಗೇ. ನಿಲ್ಲಿಸಿದ ಜಾಗದಲ್ಲಿ ಕೆಂಪು ಎಣ್ಣೆಯ ಕಲೆ. ಎಂಎಕ್ಸ್-5ರ ಪವರ್ ಸ್ಟೀರಿಂಗಿಗೆ ಹಾಕೋದು ಡೆಕ್ಸ್‌ರಾನ್ ಜಾತಿಯ ಎಟಿಎಫ್, ಅಂದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ. ಅದು ಕೆಂಪಗಿರುತ್ತದೆ, ಹಾಗಾಗಿ ಇಂಜಿನ್ ಆಯಿಲ್ ಜತೆ ಗೊಂದಲ ಇಲ್ಲ. ಡಬ್ಬಿಯಲ್ಲಿ ಮಟ್ಟ ಇಳಿದಾಗ ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಎಣ್ಣೆಗೆ ಒತ್ತಡ ಕೊಡುವ ಪಂಪು ಕೊಂಯ್ ಅಂತ ಅಳುತ್ತಿತ್ತು. ಎಣ್ಣೆ ತುಂಬಿದರೆ ಸುಮ್ಮನಾಗುತ್ತಿತ್ತು. ಹೀಗೇ ತುಂಬಿಕೊಂಡು ಓಡಿಸೋಣ ಅಂತ ಬಿಡುವ ಹಾಗಿಲ್ಲ. ಇಲ್ಲಿಯ ವಾರ್ಷಿಕ ಎಂಓಟಿ ತಪಾಸಣೆಯಲ್ಲಿ ಪವರ್ ಸ್ಟೀರಿಂಗ್ ಎಣ್ಣೆ ಲೀಕ್ ಇದ್ದರೆ ಫೇಲ್. ಅದೂ ಅಲ್ಲದೆ ಬಿಸಿ ಎಕ್ಸಾಸ್ಟ್ ಮೇಲೆ ಎಟಿಎಫ್ ಬಿದ್ದರೆ ಹೊತ್ತಿಕೊಳ್ಳಬಹುದು. ಬ್ರೇಕ್ ಡಿಸ್ಕಿಗೆ ಹಾರಿದರೆ ಇನ್ನೊಂದು ಕತೆ.

ಈ ವಿಷಯದಲ್ಲಿ ಎಲ್ಲರೂ ಮೊದಲು ಕೇಳೋದು, "ಯಾವ ರ‍್ಯಾಕ್ ತಗೊಳ್ಳಲಿ?" ಅಂತ. ನಾನಂತೂ ಎಣ್ಣೆ ಎಲ್ಲಿಂದ ಬರ್ತಿದೆ ಅಂತ ಕಣ್ಣಾರೆ ನೋಡೋವರೆಗೂ ಒಂದು ಪೈಸೆ ಬಿಚ್ಚಲ್ಲ. ತೊಟ್ಟಿಕ್ಕುವ ಜಾಗಕ್ಕೂ ಸೋರುವ ಜಾಗಕ್ಕೂ ಸಂಬಂಧ ಇರಲೇಬೇಕು ಅಂತೇನಿಲ್ಲ. ಎಣ್ಣೆ ಪೈಪಿನ ಗುಂಟ ಹರಿದು, ಕ್ಲ್ಯಾಂಪ್ ಹತ್ತಿರ ತಿರುಗಿ, ಸಬ್‌ಫ್ರೇಮಿನ ಅತಿ ತಗ್ಗಿನ ಅಂಚಿಗೆ ಬಂದು ಬೀಳುತ್ತದೆ. ಓಡುವಾಗ ಗಾಳಿ ಅದನ್ನು ಹಿಂದಕ್ಕೆ ಬಳಿಯುತ್ತದೆ. ರ‍್ಯಾಕೇ ಹೋಗಿದೆ ಅಂತ ಹೊಸದು ಹಾಕಿಸಿಕೊಂಡು, ಆಮೇಲೆ ನೋಡಿದರೆ ರಿಟರ್ನ್ ಹೋಸಿನ ಎರಡು ಪೌಂಡಿನ ಕ್ಲಿಪ್ ಸಡಿಲ ಇತ್ತು ಅನ್ನುವವರು ಬೇಕಾದಷ್ಟು ಸಿಗುತ್ತಾರೆ.

ಹಾಗಾಗಿ ಮೊದಲು ತೊಳೆಯೋದು. ಮುಂಭಾಗ ಎತ್ತಿ ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರ ಬಿಚ್ಚಿ, ಬ್ರೇಕ್ ಕ್ಲೀನರ್ ಹೊಡೆದು, ಪಂಪು, ಹೋಸು, ರ‍್ಯಾಕಿನ ಮೇಲಿನ ಉಕ್ಕಿನ ಪೈಪು, ಎಲ್ಲ ಒಣಬಟ್ಟೆಯಲ್ಲಿ ಒರೆಸಿದೆ. ಆಮೇಲೆ ಯುವಿ ಡೈ. ಎಟಿಎಫ್‌ಗೆ ಒಂದಿಷ್ಟು ಬೆರೆಸಿ ಓಡಿಸಿ, ಕತ್ತಲಲ್ಲಿ ನೀಲಿ ಟಾರ್ಚ್ ಬಿಟ್ಟರೆ ಎಣ್ಣೆ ಹಸಿರು ಹಳದಿಯಾಗಿ ಹೊಳೆಯುತ್ತದೆ. ಡೈ ಇಲ್ಲದಿದ್ದರೆ ಟಾಲ್ಕಮ್ ಪೌಡರ್ ಉದುರಿಸಿದರೂ ಆಗುತ್ತದೆ. ಒದ್ದೆಯಾದ ಕಡೆ ಪುಡಿ ಕೆಂಪಾಗುತ್ತದೆ. ಇಂಜಿನ್ ಐಡಲ್‌ನಲ್ಲಿಟ್ಟು ಒಬ್ಬರು ಸ್ಟೀರಿಂಗ್ ಈ ಕೊನೆಯಿಂದ ಆ ಕೊನೆಗೆ ತಿರುಗಿಸಬೇಕು, ಇನ್ನೊಬ್ಬರು ಕೆಳಗೆ ನೋಡಬೇಕು. ಕೊನೆಯಲ್ಲಿ ಒತ್ತಿ ಹಿಡಿಯಬಾರದು. ಆಗ ಪಂಪಿನ ಒತ್ತಡ 1000 ಪಿಎಸ್‌ಐ ದಾಟೋದು ಸಾಮಾನ್ಯ, ಎಣ್ಣೆ ಬೇಗ ಕಾಯುತ್ತದೆ. ಮುಟ್ಟಿಸಿ ಬಿಡಬೇಕು, ಅಷ್ಟೇ.

ನನ್ನ ಗಾಡಿಯಲ್ಲಿ ಪಂಪು ಒಣಗಿತ್ತು, ಹೋಸ್ ಒಣಗಿತ್ತು, ಹೋಸನ್ನು ಬಿಗಿಯುವ ಬ್ಯಾಂಜೋ ಬೋಲ್ಟೂ ಒಣಗಿತ್ತು. ರ‍್ಯಾಕಿನ ತುದಿಗೆ ನೀರು, ಧೂಳು ಹೋಗದ ಹಾಗೆ ತೊಡಿಸುವ ಮಡಿಕೆ ಮಡಿಕೆ ರಬ್ಬರ್ ಚೀಲಕ್ಕೆ ಬೂಟ್ ಅನ್ನುತ್ತಾರೆ. ಎಡಗಡೆಯ ಬೂಟ್ ಮಾತ್ರ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಅದರ ಒಳಗಡೆ ಕ್ಲಿಪ್ ಸಡಿಲಿಸಿ ಬೆರಳಿನಿಂದ ಅಂಚು ಎತ್ತಿದೆ. ಬೂಟಿನ ಮಡಿಕೆಗಳಲ್ಲಿ ತುಂಬಿಕೊಂಡಿದ್ದ ಎಟಿಎಫ್ ಮುಂಗೈ ಮೇಲೆ ಇಳಿಯಿತು. ಕೆಂಪು ಬಣ್ಣ ಹೋಗಿ ಕಂದು ಬಂದಿತ್ತು. ತಳದಲ್ಲಿ ನೀರೂ ಇತ್ತು.

ಎಡ ಅಂದದ್ದು ಮುಖ್ಯ. ರ‍್ಯಾಕಿನ ಒಳಗೆ ಏನಿದೆ ಅಂತ ಗೊತ್ತಿದ್ದರೆ ಬೂಟೇ ಅರ್ಧ ರೋಗ ಹೇಳುತ್ತದೆ. ರ‍್ಯಾಕ್ ಅಂದರೆ ಒಂದು ಉದ್ದ ರಾಡ್. ಅದರ ಒಂದು ಕಡೆ ಹಲ್ಲು, ಇನ್ನೊಂದು ಕಡೆ ನುಣುಪು. ಹಲ್ಲಿನ ಮೇಲೆ ಪಿನಿಯನ್, ಅಂದರೆ ಸ್ಟೀರಿಂಗ್ ಶಾಫ್ಟ್ ತಿರುಗಿಸುವ ಸಣ್ಣ ಹಲ್ಲುಚಕ್ರ, ಕೂತಿರುತ್ತದೆ. ನುಣುಪಾದ ಕಡೆ ರಾಡಿನ ಮೇಲೆ ಒಂದು ಪಿಸ್ಟನ್. ಅದು ಟ್ಯೂಬಿನೊಳಗೆ ಓಡಾಡುತ್ತದೆ, ಎರಡೂ ಕಡೆಯಿಂದ ತಳ್ಳಬಹುದಾದ ಇಂಜೆಕ್ಷನ್ ಸಿರಿಂಜಿನ ಹಾಗೆ. ಪಿನಿಯನ್ ಮೇಲುಗಡೆ ಸಣ್ಣ ಟಾರ್ಶನ್ ಬಾರ್ ಇದೆ. ನಾವು ಸ್ಟೀರಿಂಗ್ ತಿರುಗಿಸಿದಾಗ ಅದು ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ. ಅಷ್ಟರಲ್ಲೇ ರೋಟರಿ ವಾಲ್ವ್ ತೆರೆದು ಎಣ್ಣೆಯನ್ನು ಪಿಸ್ಟನ್ನಿನ ಆ ಕಡೆಗೋ ಈ ಕಡೆಗೋ ಕಳಿಸುತ್ತದೆ. ಟ್ಯೂಬಿನ ಎರಡೂ ತುದಿಯಲ್ಲಿ ರಾಡನ್ನು ಅಪ್ಪಿ ಹಿಡಿದ ಸೀಲ್ ಇರುತ್ತದೆ.

ಇಲ್ಲಿ ಸ್ಟೀರಿಂಗ್ ಬಲಕ್ಕೆ, ನಮ್ಮೂರಿನ ಹಾಗೇ. ಪಿನಿಯನ್ನೂ ಬಲಕ್ಕೆ. ಬಲಗಡೆ ಬೂಟಿನಲ್ಲಿ ಎಣ್ಣೆ ಸಿಕ್ಕಿದ್ದರೆ ಟ್ಯೂಬಿನ ಪಿನಿಯನ್ ಕಡೆಯ ಒಳಸೀಲ್ ಅಥವಾ ವಾಲ್ವಿನ ಕೆಳಗಿನ ಸೀಲ್ ಅನುಮಾನ. ಪಿನಿಯನ್ ಮೇಲ್ಭಾಗದಲ್ಲಿ, ಸ್ಟೀರಿಂಗ್ ಶಾಫ್ಟ್ ಸೇರುವಲ್ಲಿ ಒದ್ದೆ ಇದ್ದರೆ ಮೇಲಿನ ಸೀಲ್. ಎಡ ಬೂಟಿನಲ್ಲಿ ಸಿಕ್ಕಿದರೆ ಟ್ಯೂಬಿನ ಆ ತುದಿಯ ಸೀಲ್. ಒಂದು ಎಚ್ಚರಿಕೆ: ಕೆಲವು ರ‍್ಯಾಕ್‌ಗಳಲ್ಲಿ ಎರಡೂ ಬೂಟಿಗೆ ಗಾಳಿ ಓಡಾಡಲು ಸಣ್ಣ ಪೈಪ್ ಇರುತ್ತದೆ, ಅದರ ಮೂಲಕ ಎಣ್ಣೆ ಆ ಕಡೆಯಿಂದ ಈ ಕಡೆಗೆ ಬರಬಹುದು. ಹಾಗಾಗಿ ಎರಡೂ ಬೂಟ್ ತೆಗೆದು ನೋಡಿ.

ಡಬ್ಬಿಗೆ ಸುರಿಯುವ ಸ್ಟಾಪ್ ಲೀಕ್ ಬಗ್ಗೆ ತುಂಬ ಜನ ಕೇಳುತ್ತಾರೆ. ಅದು ರಬ್ಬರನ್ನು ಸ್ವಲ್ಪ ಉಬ್ಬಿಸುತ್ತದೆ, ಗಟ್ಟಿಯಾದ ಸೀಲ್ ಕೆಲವು ದಿನ ಮೆತ್ತಗಾಗುತ್ತದೆ. ಮಾರಲು ಹೊರಟವರಿಗೆ ಒಳ್ಳೇ ಔಷಧಿ. ಇಟ್ಟುಕೊಳ್ಳುವ ಗಾಡಿಗೆ ನಾನು ಹಾಕಲ್ಲ.

ರ‍್ಯಾಕ್ ಇಳಿಸೋದು ಮಾಮೂಲಿ ಎಂಎಕ್ಸ್-5ಗಿಂತ ಎಕ್ಸೊಸೆಟ್‌ನಲ್ಲಿ ಸುಲಭ, ಅಡ್ಡ ಬರೋದು ಏನೂ ಇಲ್ಲ. ಸ್ಟೀರಿಂಗ್ ಶಾಫ್ಟಿನ ಜಾಯಿಂಟಿಗೂ ಪಿನಿಯನ್ನಿಗೂ ಸೇರಿಸಿ ಒಂದು ಗೆರೆ ಬಿಳಿ ಪೇಂಟ್ ಎಳೆದೆ. ರ‍್ಯಾಕನ್ನು ಚಕ್ರದ ಕಡೆಗೆ ಸೇರಿಸುವ ಟೈರಾಡ್ ಎಂಡ್ ಬಿಚ್ಚುವಾಗ ಕಾಟರ್ ಪಿನ್ ತೆಗೆದು, ನಟ್ಟನ್ನು ಕೊನೆಯ ಎಳೆಗಳ ಮೇಲೇ ಬಿಟ್ಟು ಪುಲ್ಲರ್ ಹಾಕಿದೆ. ಜಾಯಿಂಟ್ ಠಪ್ ಅಂತ ಬಿಟ್ಟಾಗ ನಟ್ ತಡೆಯುತ್ತದೆ. ಎಣ್ಣೆ ಪೈಪಿನ ನಟ್ಟುಗಳಿಗೆ ಸಾದಾ ಸ್ಪ್ಯಾನರ್ ಬೇಡ. ಮೂಲೆ ಸವೆದುಹೋಗುತ್ತದೆ. ಬ್ರೇಕ್ ಪೈಪಿಗೆ ಬಳಸುವ ಫ್ಲೇರ್ ನಟ್ ಸ್ಪ್ಯಾನರ್ ತಗೊಳ್ಳಿ. ಪೈಪ್ ಬಿಚ್ಚಿದ ಮೇಲೆ ರಾಡನ್ನು ಆಚೆ ಈಚೆ ಎಳೆದರೆ ಉಳಿದ ಎಣ್ಣೆ ತಟ್ಟೆಗೆ ಬೀಳುತ್ತದೆ. ತಟ್ಟೆ ದೊಡ್ಡದಿರಲಿ, ಅದು ಚಿಮ್ಮುತ್ತದೆ.

ಬೆಂಚಿನ ಮೇಲಿಟ್ಟು ದಾವಣಗೆರೆಗೆ ವಿಡಿಯೋ ಕಾಲ್ ಮಾಡಿದೆ. ನನ್ನ ಸೋದರಮಾವ ಅಲ್ಲಿ ಜೆಸಿಬಿ, ಟ್ರ್ಯಾಕ್ಟರ್‌ಗಳ ಹೈಡ್ರಾಲಿಕ್ ಸಿಲಿಂಡರ್ ರಿಪೇರಿ ಮಾಡಿಕೊಂಡೇ ಮನೆ ಕಟ್ಟಿದವರು. ನಾನು ಸೀಲ್ ಕಿಟ್ಟಿನ ಪ್ಯಾಕೆಟ್ ಫೋಟೋ ತೋರಿಸೋಕೆ ಹೋದರೆ ಅವರು ಅದನ್ನು ನೋಡಲೇ ಇಲ್ಲ.

"ರಾಡ್ ತೋರ್ಸೋ ಮೊದ್ಲು. ಸೀಲ್ ಕತೆ ಆಮೇಲೆ."

ಎಡಗಡೆ ರಾಡನ್ನು ಪೂರ್ತಿ ಹೊರಗೆಳೆದು ಒರೆಸಿ ಕ್ಯಾಮೆರಾ ಹತ್ತಿರ ಹಿಡಿದೆ. ಮೇಲ್ನೋಟಕ್ಕೆ ಕನ್ನಡಿ. "ಉಗುರಲ್ಲಿ ಗೀರಿ ನೋಡು" ಅಂದರು. ಹೆಬ್ಬೆರಳ ಉಗುರನ್ನು ರಾಡಿನ ಉದ್ದಕ್ಕೂ ನಿಧಾನ ಎಳೆದೆ. ಮೇಲ್ಬದಿಯಲ್ಲಿ ಜಾರಿಕೊಂಡು ಹೋಯಿತು. ಅಡಿಬದಿಯಲ್ಲಿ, ಬೂಟಿನ ನೀರು ನಿಲ್ಲುತ್ತಿದ್ದ ಕಡೆ, ಟಿಕ್ ಅಂತ ಸಿಕ್ಕಿಕೊಂಡಿತು. ಸ್ವಲ್ಪ ಮುಂದೆ ಇನ್ನೊಮ್ಮೆ. ಕಣ್ಣಿಗೆ ಅವು ಸೂಜಿಮೊನೆಯಷ್ಟು ಕಪ್ಪು ಚುಕ್ಕೆ, ಅಷ್ಟೇ.

"ಸೀಲಿಗೆ ದುಡ್ಡು ಹಾಕ್ಬೇಡ ಮಾರಾಯ. ಗುಳಿ ಬಿದ್ದಿರೋ ರಾಡಿಗೆ ಎಷ್ಟು ಸೀಲ್ ಹಾಕಿದ್ರೂ ತಿನ್ಕೊಂಡು ಹೋಗುತ್ತೆ."

ಲೀಕಿನ ಮೂಲ ಇದು. ಬೂಟ್ ಎಲ್ಲೋ ಸಣ್ಣಗೆ ಸೀಳಿರುತ್ತದೆ. ಎಡಗಡೆ ಚಕ್ರ ರಸ್ತೆ ಅಂಚಿನ ನೀರಿನಲ್ಲೇ ಓಡುತ್ತದೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಬೇರೆ ಸುರಿಯುತ್ತಾರೆ. ಒಳಗೆ ಹೋದ ನೀರು ರಾಡಿಗೆ ತುಕ್ಕು ಹಿಡಿಸುತ್ತದೆ. ಬೂಟಿನೊಳಗೆ ಇರುವ ಆ ಭಾಗ ಸ್ಟೀರಿಂಗ್ ತಿರುಗಿಸಿದಾಗ ಟ್ಯೂಬಿನೊಳಗೆ ಹೋಗುತ್ತದೆ, ಪ್ರತಿ ಸಲ ಸೀಲಿನ ತುಟಿಯನ್ನು ಕೊರೆಯುತ್ತದೆ. ಮಾವನ ವರ್ಕ್‌ಶಾಪಿನಲ್ಲಾದರೆ ಅಂಥ ರಾಡನ್ನು ಗ್ರೈಂಡ್ ಮಾಡಿ ಹಾರ್ಡ್ ಕ್ರೋಮ್ ಹಾಕಿಸುತ್ತಾರೆ. ಇಲ್ಲಿ ಒಂದು ರಾಡಿಗೆ ಅದನ್ನು ಮಾಡಿಸಲು ಹೋದರೆ ಕೂಲಿ ರ‍್ಯಾಕಿಗಿಂತ ಜಾಸ್ತಿ.

ರಾಡ್ ಚೆನ್ನಾಗಿದ್ದಿದ್ದರೆ ಸೀಲ್ ಕಿಟ್ ಹಾಕುತ್ತಿದ್ದೆನಾ? ತುದಿಯ ಸೀಲಾದರೆ ಹಾಕುತ್ತಿದ್ದೆ. ವಾಲ್ವಿನ ಟೆಫ್ಲಾನ್ ರಿಂಗುಗಳ ಕೆಲಸ ಬೇರೆ. ಅವನ್ನು ಹಿಗ್ಗಿಸಿ ತೊಡಿಸಿ, ಮತ್ತೆ ಅಳತೆಗೆ ಕುಗ್ಗಿಸಬೇಕು. ಅದಕ್ಕೆ ತಕ್ಕ ಸ್ಲೀವ್ ಇಲ್ಲದೆ ಕೂರಿಸಿದರೆ ಅಂಚು ಕತ್ತರಿಸಿಹೋಗುತ್ತದೆ.

ಉಳಿದ ದಾರಿಗಳು ಹಲವು. ರೀಕಂಡೀಶನ್ ಆದ ರ‍್ಯಾಕ್ ಕೊಂಡು ಹಳೆಯದನ್ನು ವಾಪಸ್ ಕೊಡಬಹುದು. ಆದರೆ ಅವರು ರಾಡ್ ಬದಲಿಸಿದ್ದಾರಾ, ಬರೀ ಸೀಲಾ ಅಂತ ಕೇಳಿ ತಿಳಿದುಕೊಳ್ಳಿ. ಹೈಡ್ರಾಲಿಕ್ ಕಿತ್ತೆಸೆದು ವಾಕ್ಸ್‌ಹಾಲ್ ಕೋರ್ಸಾದ ಎಲೆಕ್ಟ್ರಿಕ್ ಸ್ಟೀರಿಂಗ್ ಕಾಲಮ್ ಹಾಕುವವರೂ ಇದ್ದಾರೆ, ಕಿಟ್ ಕಾರಿನವರಿಗೆ ಅದು ಪ್ರಿಯ. ಇನ್ನು ಕೆಲವರು ಪಂಪ್ ತೆಗೆದು ರ‍್ಯಾಕಿನ ಎರಡು ಪೋರ್ಟನ್ನು ಒಂದು ಪೈಪಿನಿಂದ ಸೇರಿಸಿಬಿಡುತ್ತಾರೆ. ಖರ್ಚಿಲ್ಲ, ಸರಿ. ಆದರೆ ಪಿಸ್ಟನ್ ಒಳಗೆ ಗಾಳಿ, ಎಣ್ಣೆ ದಬ್ಬುತ್ತಲೇ ಇರುತ್ತದೆ, ಸ್ಟೀರಿಂಗ್ ಅಂಟಂಟು. ಟಾರ್ಶನ್ ಬಾರ್ ತಿರುಚುವಷ್ಟು ಆಟ ಸ್ಟೀರಿಂಗಿನಲ್ಲಿ ಹಾಗೇ ಉಳಿಯುತ್ತದೆ. ಮುಂದಿನ ಹೆಜ್ಜೆ ಇಡುವವರು ಪಿಸ್ಟನ್ ರಿಂಗ್ ಕತ್ತರಿಸಿ ತೆಗೆದು, ವಾಲ್ವಿನ ಶಾಫ್ಟನ್ನೂ ಪಿನಿಯನ್ನನ್ನೂ ವೆಲ್ಡ್ ಮಾಡುತ್ತಾರೆ. ಎಂಎಕ್ಸ್-5 ರೇಸಿನವರಲ್ಲಿ ಇದು ಸಾಮಾನ್ಯ, ಚೆನ್ನಾಗಿ ಮಾಡಿದರೆ ಕೆಲಸವೂ ಮಾಡುತ್ತದೆ. ರಸ್ತೆಗೆ ಬರುವ ಗಾಡಿಯ ಸ್ಟೀರಿಂಗ್ ಶಾಫ್ಟನ್ನು ಶೆಡ್ಡಿನಲ್ಲಿ ವೆಲ್ಡ್ ಮಾಡೋದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ಪಕ್ಕದಲ್ಲಿ ಹೆಂಡತಿ ಕೂರುತ್ತಾಳೆ, ಅಲ್ವಾ.

ನಾನು ಹಾಕಿದ್ದು ಮ್ಯಾನುಯಲ್ ರ‍್ಯಾಕ್. ಪವರ್ ಸ್ಟೀರಿಂಗ್ ಇಲ್ಲದೆಯೂ ಈ ಎಂಎಕ್ಸ್-5 ಬರುತ್ತಿತ್ತು. ಆ ಗಾಡಿಗೆ ತೂಕ ಹತ್ತಿರ ಹತ್ತಿರ ಸಾವಿರ ಕೆಜಿ. ನನ್ನದು 700ರ ಆಸುಪಾಸು. ಅಷ್ಟು ಭಾರದ ಗಾಡಿಯನ್ನು ಜನ ಕೈಬಲದಲ್ಲಿ ತಿರುಗಿಸುತ್ತಿದ್ದರು ಅಂದಮೇಲೆ ನನಗೆ ಪಂಪು, ಬೆಲ್ಟು, ಡಬ್ಬಿ, ಹೋಸು, ಎಣ್ಣೆ ಯಾಕೆ? ಹಳೇ ಮ್ಯಾನುಯಲ್ ರ‍್ಯಾಕ್ ಹುಡುಕೋದೇ ಸ್ವಲ್ಪ ಕಷ್ಟ. ಕೊಳ್ಳುವಾಗ ಕ್ಲ್ಯಾಂಪು, ರಬ್ಬರ್ ಬುಶ್, ರ‍್ಯಾಕ್ ಎಂಡ್ ಎಲ್ಲ ಜತೆಗೇ ಕೇಳಿ ತಗೊಳ್ಳಿ. ಅದರ ಮೇಲೂ ಉಗುರು ಎಳೆದು ನೋಡಿ. ಇಲ್ಲಿ ಸೀಲಿನ ಚಿಂತೆ ಇಲ್ಲ, ಆದರೆ ಹಲ್ಲಿನ ನಡುಭಾಗ ಸವೆದಿದ್ದರೆ ನೇರಕ್ಕಿರುವಾಗ ಸಡಿಲ, ತುದಿಗೆ ಹೋದಾಗ ಬಿಗಿ. ಅಡ್ಜಸ್ಟರ್ ಬಿಗಿ ಮಾಡಿ ಆ ಸಡಿಲ ಮುಚ್ಚೋಕೆ ಹೋದರೆ ತುದಿಯಲ್ಲಿ ಹಿಡಿದುಕೊಳ್ಳುತ್ತದೆ.

ಜೋಡಿಸೋದು ಬೇಗ ಮುಗಿಯಿತು. ರ‍್ಯಾಕನ್ನು ನಡುಮಧ್ಯಕ್ಕೆ ತಂದು, ಸ್ಟೀರಿಂಗ್ ವೀಲ್ ನೇರ ಹಿಡಿದು ಶಾಫ್ಟ್ ಸೇರಿಸಿದೆ. ಹೊಸ ಬೂಟ್, ಹೊಸ ಕ್ಲಿಪ್, ಹೊಸ ಕಾಟರ್ ಪಿನ್. ಪಂಪು ತೆಗೆದರೆ ಆಲ್ಟರ್ನೇಟರ್‌ಗೆ ತೊಂದರೆ ಆಗಲ್ವಾ ಅಂತ ಗೆಳೆಯರೊಬ್ಬರು ಕೇಳಿದ್ದರು. ಈ ಇಂಜಿನ್‌ನಲ್ಲಿ ಆಲ್ಟರ್ನೇಟರಿಗೂ ವಾಟರ್ ಪಂಪಿಗೂ ಬೇರೆ ಬೆಲ್ಟ್ ಇದೆ. ಸ್ಟೀರಿಂಗ್ ಪಂಪು ಎಸಿ ಕಂಪ್ರೆಸರ್ ಜತೆ ಇನ್ನೊಂದು ಬೆಲ್ಟಿನಲ್ಲಿ ಓಡುತ್ತದೆ. ನನಗೆ ಎಸಿ ಇಲ್ಲ, ಆ ಬೆಲ್ಟೇ ಹೋಯಿತು. ಪಂಪಿನ ಮೇಲೆ ಒಂದು ಪ್ರೆಶರ್ ಸ್ವಿಚ್ ಇರುತ್ತದೆ. ಸ್ಟೀರಿಂಗ್ ಭಾರವಾದಾಗ ಐಡಲ್ ಏರಿಸು ಅಂತ ಇಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ಹೇಳುವುದು ಅದರ ಕೆಲಸ. ಆ ವೈರಿನ ತುದಿಗೆ ಟೇಪ್ ಸುತ್ತಿ ಹಾರ್ನೆಸ್‌ಗೆ ಕಟ್ಟಿದೆ.

ಟೋ, ಅಂದರೆ ಮುಂದಿನ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿರಬೇಕು ಅನ್ನೋದು, ಹೊಂದಿಸಲು ಗಾಡಿಯ ಎರಡೂ ಬದಿ ದಾರ ಕಟ್ಟಿ, ಚಕ್ರದ ರಿಮ್ಮಿನ ಮುಂದಿನ ಅಂಚು, ಹಿಂದಿನ ಅಂಚು ಅಳೆದೆ. ಆಮೇಲೆ ಅಲೈನ್‌ಮೆಂಟ್ ಅಂಗಡಿಯಲ್ಲಿ ಒಮ್ಮೆ ನೋಡಿಸಿದೆ. ಅಲ್ಲಿ ಕ್ಯಾಸ್ಟರ್, ಅಂದರೆ ಚಕ್ರ ಎಡಬಲಕ್ಕೆ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಸ್ವಲ್ಪ ಕಮ್ಮಿ ಮಾಡಿಸಿಕೊಂಡೆ. ಕ್ಯಾಸ್ಟರ್ ಕಮ್ಮಿಯಾದಷ್ಟೂ ಸ್ಟೀರಿಂಗ್ ಹಗುರ. ಜಾಸ್ತಿ ಕಮ್ಮಿ ಮಾಡಿದರೆ ತಿರುವು ಮುಗಿದ ಮೇಲೆ ಅದು ತಾನಾಗಿ ನೇರಕ್ಕೆ ಬರಲ್ಲ. ಇನ್ನೂ ಐವಿಎ ಆಗದ ಗಾಡಿಯಾದರೆ ಇದನ್ನು ಮರೀಬೇಡಿ, ಅಲ್ಲಿ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುತ್ತದಾ ಅಂತ ಓಡಿಸಿ ನೋಡುತ್ತಾರೆ.

ಓಡಿಸೋಕೆ ಹೇಗಿದೆ? ನಿಂತಲ್ಲೇ ತಿರುಗಿಸಿದರೆ ಭಾರ, ಅದರಲ್ಲಿ ಅನುಮಾನ ಇಲ್ಲ. ಚಕ್ರ ಒಂದಿಷ್ಟು ಉರುಳಿತು ಅಂದರೆ ಸಾಕು, ಹಗುರ. ಪವರ್ ರ‍್ಯಾಕ್ ಈ ಕೊನೆಯಿಂದ ಆ ಕೊನೆಗೆ ಸುಮಾರು 2.8 ಸುತ್ತು, ಮ್ಯಾನುಯಲ್ ಸುಮಾರು 3.3. ಸಣ್ಣ ರೌಂಡಬೌಟ್‌ಗಳಲ್ಲಿ ಕೈ ಸ್ವಲ್ಪ ಜಾಸ್ತಿ ಓಡಬೇಕು. ರಸ್ತೆಯ ಪ್ರತಿ ಗುಳಿ, ಪ್ರತಿ ಜಲ್ಲಿಕಲ್ಲು ಅಂಗೈಗೆ ತಿಳಿಯುತ್ತದೆ. ನನಗೆ ಅದೇ ಇಷ್ಟ.

ಮೂಗಿನಲ್ಲಿ ದೊಡ್ಡ ವಿ8 ಇಂಜಿನ್ ಕೂತ ಕೋಬ್ರಾ ಮಾದರಿಯ ಕಿಟ್ ಇದ್ದವರಿಗೆ ಈ ದಾರಿ ಹೇಳಲ್ಲ. ಅಗಲದ ಟೈರು, ಮೂಗಿನ ಮೇಲೆ ಭಾರ, ಪಾರ್ಕಿಂಗಿನಲ್ಲಿ ತೋಳು ಬಿದ್ದುಹೋಗುತ್ತದೆ. ಅಂಥ ಗಾಡಿಗೆ ಒಳ್ಳೇ ರೀಕಂಡೀಶನ್ ರ‍್ಯಾಕೇ ಸರಿ. ಹಾಕುವ ಮೊದಲು ಪಂಪಿನ ಒತ್ತಡ ಆ ರ‍್ಯಾಕಿಗೆ ಹೊಂದುತ್ತದಾ ನೋಡಿ. ಕಿಟ್ ಕಾರಿನಲ್ಲಿ ಪಂಪ್ ಒಂದು ಗಾಡಿಯದು, ರ‍್ಯಾಕ್ ಇನ್ನೊಂದು ಗಾಡಿಯದು ಆಗಿರೋದು ಮಾಮೂಲು, ಒತ್ತಡ ಜಾಸ್ತಿಯಾದರೆ ಹೊಸ ಸೀಲೂ ಬೇಗ ಹೋಗುತ್ತದೆ. ಹಳೇ ಎಣ್ಣೆ ಪೂರ್ತಿ ಫ್ಲಶ್ ಮಾಡಿ, ಬೂಟ್ ಎರಡೂ ಹೊಸದು ಹಾಕಿ, ಪ್ರತಿ ಚಳಿಗಾಲ ಮುಗಿದ ಮೇಲೆ ಎಡಗಡೆಯದನ್ನು ಹಿಂಡಿ ನೋಡಿ.