ಕೊಡಗಿನ ಮೆದು ನೀರಿನಲ್ಲಿ ಚೆರ್ರಿ ಸಿಗಡಿ ಸಾಕಣೆ

ಮಡಿಕೇರಿ ಕಡೆ ಚೆರ್ರಿ ಸಿಗಡಿ (ಗಾಜಿನ ಟ್ಯಾಂಕಿನಲ್ಲಿ ಅಂದಕ್ಕೆ ಸಾಕುವ ಪುಟ್ಟ ಸಿಹಿನೀರಿನ ಸಿಗಡಿ) ಸಾಕಲು ಹೊರಟವರು ಟ್ಯಾಂಕಿಗಿಂತ ಮೊದಲು ನೀರನ್ನು ಅಳೆಯಬೇಕು. ನನ್ನ ಬಾವಿ ನೀರಿಗೆ ಮೀಟರ್ ಇಟ್ಟರೆ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ, ಪಿಪಿಎಂ ಲೆಕ್ಕದಲ್ಲಿ) 40ರ ಆಸುಪಾಸು, ಗಡಸುತನ (ಜಿಎಚ್) ಒಂದೆರಡು ಡಿಗ್ರಿ. ಬೆಂಗಳೂರಿನ ಗಡಸು ಬೋರ್‌ವೆಲ್ ನೀರಿನಲ್ಲಿ ಬೆಳೆದ ಸಿಗಡಿಯನ್ನು ತಂದು ಇದಕ್ಕೆ ಬಿಟ್ಟರೆ ಪೊರೆ ಕಳಚುವಾಗ ಸಾಯುತ್ತದೆ. ತಲೆಭಾಗವೂ ಬಾಲದ ಭಾಗವೂ ಕೂಡುವಲ್ಲಿ ಸುತ್ತಲೂ ಬಿಳಿ ಪಟ್ಟಿ ಕಂಡರೆ, ಹಳೆ ಪೊರೆ ಸರಿಯಾಗಿ ಬಿಡದೆ ಸಿಗಡಿ ಒಳಗೇ ಸಿಕ್ಕಿಕೊಂಡಿದೆ ಎಂದರ್ಥ. ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಲದಿದ್ದಾಗಲೂ, ಟಿಡಿಎಸ್ ಒಮ್ಮೆಲೇ ಇಳಿದಾಗಲೂ ಹೀಗಾಗುತ್ತದೆ.

ಹಾಗೆಂದು ಮೆದು ನೀರು ಶಾಪವಲ್ಲ. ಬಯಲುಸೀಮೆಯವರು ಆರ್‌ಒ ಯಂತ್ರ ಇಟ್ಟು ತೆಗೆಯುವ ಲವಣ ನಮ್ಮ ನೀರಿನಲ್ಲಿ ಮೊದಲೇ ಇಲ್ಲ. ಬೇಕಾದ್ದನ್ನು ಬೇಕಾದಷ್ಟೇ ಸೇರಿಸಿಕೊಳ್ಳಬಹುದು. 20 ಲೀಟರ್ ನೀರಿಗೆ ನಾನು ಹಾಕುವುದು ಆಹಾರ ದರ್ಜೆಯ ಜಿಪ್ಸಂ 2.5 ಗ್ರಾಂ, ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್) 1.8 ಗ್ರಾಂ, ಅಡುಗೆ ಸೋಡಾ 1.2 ಗ್ರಾಂ. ಇಷ್ಟಕ್ಕೆ ಜಿಎಚ್ ಆರು ಡಿಗ್ರಿ, ಕೆಎಚ್ (ಪಿಎಚ್ ಏರುಪೇರಾಗದಂತೆ ತಡೆಯುವ ಕಾರ್ಬೊನೇಟ್ ಗಡಸುತನ) ಎರಡು ಡಿಗ್ರಿ ಏರಿ, ಟಿಡಿಎಸ್ 180-200ರ ನಡುವೆ ಬಂದು ನಿಲ್ಲುತ್ತದೆ. ಚೆರ್ರಿಗೆ ಇದು ಹಿತವಾದ ನೀರು. ಜಿಪ್ಸಂ ಬೇಗ ಕರಗುವುದಿಲ್ಲ. ಬಕೆಟ್ಟಿನಲ್ಲಿ ಗಾಳಿಕಲ್ಲು ಇಟ್ಟು ರಾತ್ರಿಯಿಡೀ ಬಿಡಬೇಕು. ಅಳೆಯಲು ಗ್ರಾಮಿನ ನೂರನೇ ಭಾಗ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಬೇಕು, ಚಮಚದ ಲೆಕ್ಕ ನಡೆಯದು. ಗೊಬ್ಬರದಂಗಡಿಯ ಜಿಪ್ಸಂ ಬೇಡ. ತೋಟಕ್ಕೆ ಹಾಕುವ ಸುಣ್ಣವನ್ನಂತೂ ಹತ್ತಿರ ತರಬಾರದು, ಚಿಟಿಕೆಯಷ್ಟಕ್ಕೇ ಪಿಎಚ್ ಮೇಲಕ್ಕೆ ಹಾರುತ್ತದೆ.

ನಮ್ಮ ಜಿಲ್ಲೆಯಲ್ಲಿ ಸಿಗಡಿಗೆ ದೊಡ್ಡ ಶತ್ರು ತಾಮ್ರ. ಮುಂಗಾರಿಗೆ ಮುಂಚೆ ಒಮ್ಮೆ, ಮಳೆಯ ಅಬ್ಬರ ಇಳಿದ ಮೇಲೆ ಮತ್ತೊಮ್ಮೆ ಕಾಫಿಗೂ ಮೆಣಸಿನ ಬಳ್ಳಿಗೂ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣ ಬೆರೆಸಿದ ಶಿಲೀಂಧ್ರನಾಶಕ) ಹೊಡೆಯುವುದು ತೋಟಗಳಲ್ಲಿ ವಾಡಿಕೆ. ಮೆಣಸಿಗೆ ಬಳಸುವ ಶೇ. 1ರ ದ್ರಾವಣದಲ್ಲಿ 100 ಲೀಟರಿಗೆ ಒಂದು ಕಿಲೋ ಮೈಲುತುತ್ತು ಇರುತ್ತದೆ, ಅದರ ಕಾಲು ಭಾಗ ತಾಮ್ರ. ಲೆಕ್ಕ ಹಾಕಿ ನೋಡಿ: ಒಂದು ಚಮಚ ದ್ರಾವಣ 35 ಲೀಟರ್ ನೀರಿಗೆ ಸೇರಿದರೆ ತಾಮ್ರ ಲೀಟರಿಗೆ ಮೂರನೇ ಒಂದು ಮಿಲಿಗ್ರಾಂ ದಾಟುತ್ತದೆ. ಸಿಗಡಿಯನ್ನು ಕೊಲ್ಲಲು ಅಷ್ಟು ಬೇಕಾದಷ್ಟಾಯಿತು. ನೀರು ಮೆದುವಾದಷ್ಟೂ ಈ ವಿಷ ಚುರುಕು. ಆದ್ದರಿಂದ ಸಿಂಪಡಣೆಗೆ ಬಳಸಿದ ಡ್ರಮ್ಮು, ಬಕೆಟ್ಟು, ಪೈಪು ಎಷ್ಟೇ ತೊಳೆದಿದ್ದರೂ ಟ್ಯಾಂಕಿಗೆ ಬೇಡ. ಔಷಧಿ ಹೊಡೆದವರು ಅಂದು ಟ್ಯಾಂಕಿಗೆ ಕೈ ಹಾಕಬಾರದು. ತೋಟದ ನಡುವಿನ ತೆರೆದ ಬಾವಿಯಾಗಿದ್ದರೆ ಸಿಂಪಡಣೆಗೆ ಮೊದಲೇ ನೀರು ತುಂಬಿಟ್ಟುಕೊಳ್ಳಬೇಕು. 200 ಲೀಟರಿನ ಒಂದು ಹೊಸ ಡ್ರಮ್ ಇದಕ್ಕೇ ಮೀಸಲಿಟ್ಟಿದ್ದೇನೆ. ತಾಮ್ರದ ಹಂಡೆಯಲ್ಲಿ ಕಾಯಿಸಿದ ನೀರನ್ನು ಟ್ಯಾಂಕ್ ಬೆಚ್ಚಗಿಡಲು ಸುರಿಯುವುದೂ ಅಪಾಯವೇ. ಸೊಳ್ಳೆ ಬತ್ತಿ, ಸೊಳ್ಳೆ ಓಡಿಸುವ ದ್ರವದ ಯಂತ್ರ ಇರುವ ಕೋಣೆಯಲ್ಲಿ ಏರ್ ಪಂಪ್ ಇಡಬೇಡಿ. ಅದು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ.

ಟ್ಯಾಂಕ್ ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ ಇದ್ದರೆ ಸಾಕು; ಮರಳು, ಅಂಚು ಕಳೆದು ಸುಮಾರು 35 ಲೀಟರ್ ನೀರು ಹಿಡಿಯುತ್ತದೆ. ಸ್ಪಾಂಜ್ ಫಿಲ್ಟರ್ ಬಿಟ್ಟು ಬೇರೆ ಯಾವುದೂ ಬೇಡ. ಮರಿಗಳನ್ನು ಅದು ಎಳೆದುಕೊಳ್ಳುವುದಿಲ್ಲ, ಅದರ ಮೈಮೇಲೆ ಕಟ್ಟುವ ಪಾಚಿಯ ಪದರವೇ ಅವಕ್ಕೆ ಊಟ. ಜಾವಾ ಮಾಸ್ (ನೀರಿನೊಳಗೆ ಬೆಳೆಯುವ ಹಾವಸೆ ಗಿಡ) ಧಾರಾಳವಾಗಿ ಹಾಕಿ. ಮಳೆಗಾಲದಲ್ಲಿ ಮರದ ಮೇಲೆ ಬೆಳೆಯುವ ಪಾಚಿ ಆಸೆ ಹುಟ್ಟಿಸುತ್ತದೆ ನಿಜ, ಆದರೆ ಅದು ನೀರಿನೊಳಗೆ ಕೊಳೆಯುತ್ತದೆ. ಮೆಣಸು ಹಬ್ಬಿದ ಮರದ್ದಾದರೆ ತಾಮ್ರವೂ ಜೊತೆಗೆ ಬರುತ್ತದೆ. ಒಣಗಿದ ಸೀಬೆ ಎಲೆ ಒಂದೆರಡು ಹಾಕಬಹುದು, ಸಿಂಪಡಣೆ ತಾಗದ ಹಿತ್ತಲಿನದ್ದಾದರೆ ಮಾತ್ರ. ಕೊಳೆತದಿಂದ ಹುಟ್ಟುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಎರಡನ್ನೂ ಫಿಲ್ಟರಿನ ಬ್ಯಾಕ್ಟೀರಿಯಾ ಸೊನ್ನೆಗೆ ಇಳಿಸುವ ತನಕ ಸಿಗಡಿ ತರಬೇಡಿ. ನಮ್ಮ ಚಳಿಗೆ ಬ್ಯಾಕ್ಟೀರಿಯಾ ನಿಧಾನವಾಗಿ ಹೆಚ್ಚುವುದರಿಂದ ಆರು ವಾರವೂ ಹಿಡಿಯಬಹುದು.

ಹತ್ತು ಹದಿನೈದು ಸಿಗಡಿಯಿಂದ ಶುರು ಮಾಡಿದರೆ ಗಂಡು ಹೆಣ್ಣು ಎರಡೂ ಸಿಕ್ಕೇ ಸಿಗುತ್ತವೆ. ತಂದ ಚೀಲದ ಟಿಡಿಎಸ್ ಅಳೆದು, ಸಣ್ಣ ನಳಿಕೆಯಿಂದ ಸೆಕೆಂಡಿಗೆ ಎರಡು ಹನಿಯಂತೆ ಎರಡು ಗಂಟೆ ಟ್ಯಾಂಕಿನ ನೀರು ಬೆರೆಸಬೇಕು. ಅಂತರ 200ಕ್ಕಿಂತ ಹೆಚ್ಚಿದ್ದರೆ ಇನ್ನೂ ನಿಧಾನ ಮಾಡಿ. ಕೆಂಪು ಮತ್ತು ನೀಲಿ ಬಣ್ಣದ ತಳಿಗಳನ್ನು ಒಟ್ಟಿಗೆ ಸಾಕಬೇಡಿ, ಕೆಲವೇ ತಲೆಮಾರಿನಲ್ಲಿ ಮಣ್ಣು ಬಣ್ಣದ ಮರಿಗಳೇ ಉಳಿಯುತ್ತವೆ.

ಹೆಣ್ಣಿನ ಬೆನ್ನ ಮೇಲೆ ಹಳದಿ ಗುರುತು ಕಂಡರೆ ಮೊಟ್ಟೆ ಬಲಿಯುತ್ತಿದೆ ಎಂದು ತಿಳಿಯಬೇಕು. ಅದು ಪೊರೆ ಕಳಚಿದ ದಿನ ಗಂಡುಗಳೆಲ್ಲ ಹುಚ್ಚೆದ್ದು ಈಜುತ್ತವೆ. ಆಮೇಲೆ ಇಪ್ಪತ್ತು ಮೂವತ್ತು ಮೊಟ್ಟೆ ಹೊಟ್ಟೆಯಡಿ ಬರುತ್ತವೆ, 23 ಡಿಗ್ರಿಯಲ್ಲಿ ಸುಮಾರು ನಾಲ್ಕು ವಾರಕ್ಕೆ ಒಡೆಯುತ್ತವೆ. ಮರಿ ಎರಡು ಮಿಲಿಮೀಟರ್ ಇದ್ದರೂ ತಾಯಿಯದೇ ರೂಪ, ಉಪ್ಪು ನೀರೇನೂ ಬೇಕಿಲ್ಲ. ಮೊಟ್ಟೆ ಹೊತ್ತ ಹೆಣ್ಣನ್ನು ಹಿಡಿದು ಬೇರೆ ಟ್ಯಾಂಕಿಗೆ ಹಾಕುವವರಿದ್ದಾರೆ; ಗಾಬರಿಗೆ ಮೊಟ್ಟೆ ಉದುರಿಸುತ್ತದೆ, ಸುಮ್ಮನೆ ಬಿಡುವುದೇ ಲೇಸು.

ಡಿಸೆಂಬರ್, ಜನವರಿಯಲ್ಲಿ ನೀರು 18 ಡಿಗ್ರಿಗಿಂತ ಇಳಿದರೆ ಸಿಗಡಿ ಬದುಕುತ್ತದೆ, ಮೊಟ್ಟೆ ಇಡುವುದು ಮಾತ್ರ ನಿಲ್ಲುತ್ತದೆ. 50 ವ್ಯಾಟಿನ ಹೀಟರನ್ನು 23ಕ್ಕೆ ಇಟ್ಟರೆ ವರ್ಷವಿಡೀ ಮರಿ. ಜೂನ್‌ನಿಂದ ಕರೆಂಟು ದಿನಗಟ್ಟಲೆ ಹೋಗುವುದು ಇಲ್ಲಿ ಹೊಸದಲ್ಲ. ಬ್ಯಾಟರಿ ಏರ್ ಪಂಪ್ ಇರಲೇಬೇಕು, ಕರೆಂಟಿಲ್ಲದ ದಿನ ಊಟ ಹಾಕಬಾರದು.

ಊಟ ಎರಡು ದಿನಕ್ಕೊಮ್ಮೆ, ಎರಡು ಗಂಟೆಯಲ್ಲಿ ಮುಗಿಯುವಷ್ಟು. ಹೆಚ್ಚಾದರೆ ಪ್ಲನೇರಿಯಾ ಹುಳು ಹುಟ್ಟಿಕೊಂಡು ಮರಿಗಳನ್ನು ಹಿಡಿಯುತ್ತದೆ. ವಾರಕ್ಕೊಮ್ಮೆ ಮೂರೂವರೆ ಲೀಟರ್, ಲವಣ ಸೇರಿಸಿದ ನೀರನ್ನೇ ಹನಿಹನಿಯಾಗಿ ಬದಲಿಸಿ. ಆದರೆ ಮಾರ್ಚ್, ಏಪ್ರಿಲ್‌ನಲ್ಲಿ ಆವಿಯಾಗಿ ಇಳಿದ ಮಟ್ಟ ತುಂಬಲು ಬರೀ ಬಾವಿ ನೀರು ಹಾಕಬೇಕು. ಲವಣ ಆವಿಯಾಗುವುದಿಲ್ಲ, ಮತ್ತೆ ಲವಣದ ನೀರನ್ನೇ ಸುರಿದರೆ ಟಿಡಿಎಸ್ ಏರುತ್ತಲೇ ಹೋಗುತ್ತದೆ.

ಟ್ಯಾಂಕಿನಿಂದ ತೆಗೆದ ನೀರನ್ನು ಹೂಕುಂಡಕ್ಕೆ ಹಾಕಿ, ತೋಡಿಗೆ ಸೇರುವ ಚರಂಡಿಗೆ ಬೇಡ. ಅದರಲ್ಲಿ ಕಣ್ಣಿಗೆ ಬೀಳದ ಮರಿಗಳಿರುತ್ತವೆ. ಚೆರ್ರಿ ಸಿಗಡಿಯ ಮೂಲ ಚೀನಾ, ತೈವಾನ್ ಕಡೆ. ನಮ್ಮ ಘಟ್ಟದ ತೊರೆಗಳಲ್ಲಿ ನಮ್ಮದೇ ಕ್ಯಾರಿಡಿನಾ ಸಿಗಡಿಗಳಿವೆ, ಅವುಗಳ ಜಾಗಕ್ಕೆ ಇವು ನುಗ್ಗಬಾರದು.