ದೊಡ್ಡ ದೂರದರ್ಶಕಕ್ಕೆ ಸಿಗದ ನಕ್ಷತ್ರವನ್ನು ಅಂಗಳದಿಂದ ಅಳೆಯಿರಿ

ಅಮೆರಿಕದ ಪಾಲೊಮಾರ್ ಬೆಟ್ಟದಲ್ಲಿ 2018ರಿಂದ ಆಕಾಶ ಸರ್ವೆ ಮಾಡುತ್ತಿರುವ, ದೊಡ್ಡ ದೂರದರ್ಶಕಕ್ಕೆ ಜೋಡಿಸಿದ ಝಡ್‌ಟಿಎಫ್ ಕ್ಯಾಮೆರಾ ಒಂದೇ ಚಿತ್ರದಲ್ಲಿ 47 ಚದರ ಡಿಗ್ರಿ ಹಿಡಿಯುತ್ತದೆ. 200ಕ್ಕೂ ಹೆಚ್ಚು ಹುಣ್ಣಿಮೆ ಚಂದ್ರರು ಹಿಡಿಸುವ ಜಾಗ. ಮಂಕು ನಕ್ಷತ್ರಗಳ ಬೆಳಕಿನ ಏರಿಳಿತ ಅದಕ್ಕೆ ಚೆನ್ನಾಗಿ ಸಿಗುತ್ತದೆ. ಬರಿಗಣ್ಣಿಗೆ ಕಾಣುವ ನಕ್ಷತ್ರ ಮಾತ್ರ ಸಿಗುವುದಿಲ್ಲ. ಬೆಳಕು ಜಾಸ್ತಿಯಾಗಿ ಲೆಕ್ಕವೇ ಕೆಡುತ್ತದೆ. ಅಲ್ಲಿ ನಿಮ್ಮ ಡಿಎಸ್‌ಎಲ್‌ಆರ್‌ಗೆ ಕೆಲಸವಿದೆ.

ಶುರುವಿಗೆ ಪರ್ಸಿಯಸ್ ಪುಂಜದ ಆಲ್ಗಾಲ್ ಸಾಕು. ಜೋಡಿ ನಕ್ಷತ್ರ ಅಡ್ಡ ಬಂದಾಗ ಅದರ ಕಾಂತಿಮಾನ, ಅಂದರೆ ಹೊಳಪಿನ ಅಳತೆ, 2.1ರಿಂದ 3.4ಕ್ಕೆ ಹೋಗುತ್ತದೆ; ಅಂಕಿ ಹೆಚ್ಚಾದಷ್ಟೂ ನಕ್ಷತ್ರ ಮಂಕು. 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಹೀಗಾಗುತ್ತದೆ. ಭಾನುವಾರ ನಡುರಾತ್ರಿ ತೀರಾ ಮಂಕಾಗಿದ್ದರೆ ಮುಂದಿನ ಸರದಿ ಬುಧವಾರ ರಾತ್ರಿ ಒಂಬತ್ತರೊಳಗೆ.

ಮಳೆಗಾಲದಲ್ಲಿ ಕಾರವಾರದ ಆಕಾಶ ನಂಬಬೇಡಿ. ಡಿಸೆಂಬರ್, ಜನವರಿ ಒಳ್ಳೆಯದು, ಸಂಜೆಗೇ ಆಲ್ಗಾಲ್ ಮೇಲಿರುತ್ತದೆ. ಕಡಲ ದಂಡೆಗಿಂತ ಶಿರಸಿ ಕಡೆಯ ಅಡಿಕೆ ಅಂಗಳ ವಾಸಿ, ಬೀದಿದೀಪ ಕಡಿಮೆ. ಇಬ್ಬನಿ ಎರಡೂ ಕಡೆ ಕಾಡುತ್ತದೆ, ಲೆನ್ಸ್ ಆಗಾಗ ನೋಡುತ್ತಿರಿ.

ಕ್ಯಾಮೆರಾ ಸ್ಟ್ಯಾಂಡಿನ ಮೇಲಿರಲಿ. 50 ಮಿ.ಮೀ. ಲೆನ್ಸ್, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಚಿತ್ರ), ನಾಲ್ಕೈದು ಸೆಕೆಂಡಿನ ಎಕ್ಸ್‌ಪೋಶರ್. ಫೋಕಸ್ ಸ್ವಲ್ಪ ತಪ್ಪಿಸಿ. ಹೌದು, ಬೇಕೆಂದೇ! ಬೆಳಕು ಹೆಚ್ಚು ಪಿಕ್ಸೆಲ್‌ಗಳಿಗೆ ಹರಡಿ ನಡುವೆ ಬಿಳಿಚುವುದಿಲ್ಲ. ನಕ್ಷತ್ರ ಮಿನುಗುತ್ತಲೇ ಇರುತ್ತದಲ್ವಾ, ಹಾಗಾಗಿ ಒಂದೇ ಚಿತ್ರ ಸಾಲದು. ಪ್ರತಿ ಸಲ ಹತ್ತಿಪ್ಪತ್ತು ತೆಗೆದು ಸರಾಸರಿ ಹಿಡಿಯಿರಿ. ಅರ್ಧ ಗಂಟೆ ಬಿಟ್ಟು ಮತ್ತೆ ತೆಗೆಯಿರಿ.

ಇನ್ನು ಅಳತೆ. ಇಡೀ ಕೆಲಸದ ಜೀವ ಇಲ್ಲಿದೆ. ಆಲ್ಗಾಲ್ ಒಂದನ್ನೇ ಅಳೆದರೆ ಸುಮ್ನೆ ದಂಡ. ತೆಳು ಮೋಡ ಬಂದರೂ ಅದು ಮಂಕಾದಂತೆ ಕಾಣುತ್ತದೆ. ಮೋಡ ಬಂದರೆ ಪಕ್ಕದ ನಕ್ಷತ್ರಗಳೂ ಮಂಕಾಗುತ್ತವೆ ತಾನೆ? ಆದ್ದರಿಂದ ಅದೇ ಚಿತ್ರದಲ್ಲಿರುವ ಎಪ್ಸಿಲಾನ್ ಪರ್ಸಿಯನ್ನು (2.9) ಹೋಲಿಕೆಗೆ ಇಟ್ಟುಕೊಳ್ಳಿ. ಡೆಲ್ಟಾ ಪರ್ಸಿ (3.0) ಕಾವಲಿಗೆ. ಈ ಎರಡರ ನಡುವಿನ ವ್ಯತ್ಯಾಸ ರಾತ್ರಿಯಿಡೀ ಹಾಗೇ ಉಳಿದರೆ ಅಳತೆ ಸರಿ, ಅಲುಗಾಡಿದರೆ ಆ ಚಿತ್ರಗಳನ್ನು ಬಿಡಿ. ದೊಡ್ಡ ಸರ್ವೆಗಳೂ ಹೀಗೇ ಅಕ್ಕಪಕ್ಕದವನ್ನು ಹೋಲಿಸಿಯೇ ಅಳೆಯುವುದು, ಸಾವಿರಾರು ನಕ್ಷತ್ರಗಳ ಜೊತೆ.

ಆಸ್ಟ್ರೋಇಮೇಜ್‌ಜೆ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಹಸಿರು ಬಣ್ಣದ ಭಾಗವನ್ನಷ್ಟೇ ತೆರೆಯಿರಿ. ನಕ್ಷತ್ರದ ಸುತ್ತ ವೃತ್ತ ಹಾಕಿದರೆ ಒಳಗಿನ ಬೆಳಕನ್ನು ಕೂಡಿ, ಹೊರ ಉಂಗುರದ ಆಕಾಶದ ಬೆಳಕನ್ನು ಕಳೆದು ಕೊಡುತ್ತದೆ. ಎರಡು ನಕ್ಷತ್ರಗಳ ಬೆಳಕಿನ ಅನುಪಾತದ ಲಾಗ್ ತೆಗೆದು 2.5ರಿಂದ ಗುಣಿಸಿದರೆ ಕಾಂತಿಮಾನದ ವ್ಯತ್ಯಾಸ. 1856ರಲ್ಲಿ ಈ ಲೆಕ್ಕ ಸೂಚಿಸಿದ ನಾರ್ಮನ್ ಪಾಗ್ಸನ್ ಮುಂದೆ ನಮ್ಮ ಮದ್ರಾಸ್ ವೀಕ್ಷಣಾಲಯದಲ್ಲೇ ದುಡಿದವರು.

ಫಲಿತಾಂಶವನ್ನು 1911ರಿಂದ ಇಂಥ ಅಳತೆಗಳನ್ನು ಕೂಡಿಡುತ್ತಿರುವ ಅಮೆರಿಕದ ನಕ್ಷತ್ರ ವೀಕ್ಷಕರ ಸಂಘ ಎಎವಿಎಸ್‌ಒಗೆ ಕಳಿಸಬಹುದು. ಅಲ್ಲಿ ಲೆಕ್ಕಕ್ಕೆ ಹಿಡಿಯುವುದು ವಿಶ್ವ ಸಮಯ (ಯುಟಿಸಿ), ಹಾಗಾಗಿ ಸಮಯ ಬರೆಯುವಾಗ ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆಯಿರಿ.